ಸಣ್ಣ ಕಪ್ಪುಕುಳಿಯ ನೆರೆಹೊರೆ

ಕಪ್ಪುಕುಳಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅದರ ಅಕ್ಕಪಕ್ಕದ ಅನಿಲ ಹೇಳಿದ್ದು. ಕುಳಿ ತಾನಾಗಿ ಬಾಯಿ ಬಿಟ್ಟಿಲ್ಲ.

*

ಮುಖ್ಯಮಂತ್ರಿ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮಾತು ದಶಕಗಳ ಕಾಲ ಆ ಊರಿಗೆ ಅಂಟಿಕೊಂಡಿತ್ತು. ಸಿದ್ದರಾಮಯ್ಯ 2013ರಿಂದ 2018ರವರೆಗೆ ಮತ್ತೆ ಮತ್ತೆ ಹೋಗಿ ಬಂದರು, ಐದು ವರ್ಷ ಪೂರೈಸಿದರು. ಕಪ್ಪುಕುಳಿಗೂ ಇಂಥದೇ ಅಪಖ್ಯಾತಿಯಿದೆ: ಹತ್ತಿರ ಸುಳಿದವರೆಲ್ಲ ಒಳಗೆ. ನಿಜ ಹಾಗಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಈಗಿನ ದಾರಿಯಲ್ಲೇ, ಈಗಿನ ವರ್ಷಕ್ಕೇ ಒಂದು ಸುತ್ತು ಬರುತ್ತದೆ. ಹಗಲು ಇರುವುದಿಲ್ಲ, ಅಷ್ಟೆ.

*

ಕುಳಿಯ ಕಡೆ ಹೊರಟ ಅನಿಲ ನೇರವಾಗಿ ಬೀಳಲಾರದು. ಹುಟ್ಟಿನಿಂದ ಬಂದ ಸುತ್ತಾಟವನ್ನು ಅದು ಎಲ್ಲಾದರೂ ಕಳೆದುಕೊಳ್ಳಬೇಕು. ಹಾಗಾಗಿ ತಟ್ಟೆಯಂತೆ ಹರಡಿ ಸುತ್ತುತ್ತದೆ, ಪದರಕ್ಕೆ ಪದರ ಉಜ್ಜುತ್ತದೆ, ಕಾಯುತ್ತದೆ, ಅತಿನೇರಳೆ ಮತ್ತು ಎಕ್ಸ್‌-ಕಿರಣ ಚೆಲ್ಲುತ್ತದೆ. ಆ ಕಿರಣ ದೂರದ ಅನಿಲ ಮೋಡಗಳಿಗೆ ಬಡಿದು ಪರಮಾಣುಗಳಿಂದ ಎಲೆಕ್ಟ್ರಾನ್‌ ಕಿತ್ತು ಹಾಕುತ್ತದೆ. ಕಿತ್ತುಹೋದ ಎಲೆಕ್ಟ್ರಾನ್‌ ಮರಳಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ ಗೊತ್ತಾದ ತರಂಗಾಂತರದಲ್ಲಿ ಬೆಳಕು ಬರುತ್ತದೆ: ಜಲಜನಕಕ್ಕೆ 6563 ಆಂಗ್‌ಸ್ಟ್ರಾಮ್‌ನಲ್ಲಿ ಕೆಂಪು, 4861ರಲ್ಲಿ ನೀಲಿ ಬೆರೆತ ಹಸಿರು. ಬೀಳುವುದಕ್ಕೆ ಮುಂಚೆ ಅನಿಲ ಕೊಡುವ ಹೇಳಿಕೆ ಇದು.

*

ಸಿಡಿಯ ಒಂದು ಚೂರು, ರಟ್ಟಿನ ಡಬ್ಬಿಯಲ್ಲಿ ಬ್ಲೇಡಿನಷ್ಟು ಸಣ್ಣ ಸೀಳು: ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ತಯಾರು. ಗುಂಡ್ಲುಪೇಟೆ ಬಸ್‌ ನಿಲ್ದಾಣದ ಎದುರು ನಿಂತು ಎಲ್‌ಇಡಿ ದೀಪದತ್ತ ಹಿಡಿದರೆ ಬಣ್ಣಗಳು ಎಡೆಬಿಡದೆ ಒಂದರೊಳಗೊಂದು ಕರಗುತ್ತವೆ. ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಇನ್ನೂ ಹಳೆಯ ಸಿಎಫ್‌ಎಲ್‌ ಉರಿಯುತ್ತಿದ್ದರೆ ನಿಮ್ಮ ಅದೃಷ್ಟ: ಕತ್ತಲ ನಡುವೆ ಬಿಡಿಬಿಡಿ ಗೆರೆಗಳು, ಅದರಲ್ಲೊಂದು ಪಾದರಸದ ಕಡು ಹಸಿರು. ನಡುವಿನ ಕುಳಿ ಅನಿಲ ಉಣ್ಣುತ್ತಿರುವ ಸಕ್ರಿಯ ಗೆಲಾಕ್ಸಿಯ ರೋಹಿತದಲ್ಲಿ, ಅಂದರೆ ಹೀಗೆ ಬಿಡಿಸಿದ ಬೆಳಕಿನಲ್ಲಿ, ಎರಡೂ ಇರುತ್ತವೆ. ತಟ್ಟೆಯ ಹರಹು ಬೆಳಕು ಕೆಳಗೆ, ಅನಿಲದ ಗೆರೆಗಳು ಅದರ ಮೇಲೆ.

*

ಬಾನಿನ ಅನಿಲ ಗೆರೆಗಳಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ಮೊದಲ ಜಾಗಗಳಲ್ಲಿ ಕನ್ನಡ ನೆಲವೂ ಒಂದು. 18 ಆಗಸ್ಟ್‌ 1868, ಖಗ್ರಾಸ ಸೂರ್ಯಗ್ರಹಣ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್‌ ಜಾನ್‌ ಹರ್ಷೆಲ್‌ ರೋಹಿತದರ್ಶಕ ಹೂಡಿ ಕೂತಿದ್ದ. ಯುರೇನಸ್‌ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಶ್ರಾವಣದ ಮೋಡ ಕೈಕೊಡುವ ಹಾಗಿತ್ತು. ಮೋಡದ ಸಂದಿಯಲ್ಲಿ ಸಿಕ್ಕ ಕೆಲವೇ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಯಿಂದ ಮೂರು ಗೆರೆ: ಕೆಂಪು, ಕಿತ್ತಳೆ, ನೀಲಿ. ಜ್ವಾಲೆ ಎಂದರೆ ಕಾದ ಅನಿಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್‌ ಹೆಸರು ಪಠ್ಯಪುಸ್ತಕಕ್ಕೆ ಹೋಯಿತು. ಜಮಖಂಡಿಯ ಹೆಸರು ಜಮಖಂಡಿಯವರಿಗೂ ತಲುಪಿದಂತಿಲ್ಲ.

*

ಗೆರೆ ಎಲ್ಲಿದೆ ಎಂಬುದು ಅನಿಲದ ಜಾತಿ ಹೇಳುತ್ತದೆ. ಗೆರೆ ಎಷ್ಟು ಅಗಲ ಎಂಬುದು ಅದರ ಅವಸ್ಥೆ.

*

ಕುಳಿಯ ಸುತ್ತ ಓಡುವ ಮೋಡಗಳಲ್ಲಿ ಅರ್ಧ ನಮ್ಮ ಕಡೆ ಬರುತ್ತಿರುತ್ತವೆ, ಅವುಗಳ ಬೆಳಕು ನೀಲಿಗೆ ಜಾರುತ್ತದೆ. ಇನ್ನರ್ಧ ದೂರ ಸರಿಯುತ್ತವೆ, ಅವುಗಳದ್ದು ಕೆಂಪಿಗೆ. ಕೂದಲೆಳೆಯ ಗೆರೆ ಎರಡೂ ಕಡೆ ಹಿಗ್ಗಿ ಗುಡ್ಡವಾಗುತ್ತದೆ. ಭಾರದ ಕುಳಿಯ ಬಳಿ ಗುಡ್ಡ ಸೆಕೆಂಡಿಗೆ ಐದು ಸಾವಿರ, ಹತ್ತು ಸಾವಿರ ಕಿಲೋಮೀಟರ್‌ ವೇಗದಷ್ಟು ಅಗಲ. ಹಗುರ ಕುಳಿಯ ಬಳಿ ಎರಡು ಸಾವಿರ ದಾಟದು. ಖಗೋಳಜ್ಞರಾದ ಆಸ್ಟರ್‌ಬ್ರಾಕ್‌ ಮತ್ತು ಪೊಗ್ಗೆ 1985ರಲ್ಲಿ ಇಂಥವನ್ನೆಲ್ಲ ಬೇರೆ ಸಾಲಿನಲ್ಲಿ ಕೂರಿಸಿದರು: ಕಿರಿದಾದ ಗೆರೆಯ ಸೈಫರ್ಟ್‌ ಗೆಲಾಕ್ಸಿಗಳು.

*

ಎರಡು ಸಾವಿರ ಎಂಬ ಬೇಲಿ ನಾವು ಹಾಕಿದ್ದು. 1999 ಕಿಲೋಮೀಟರಿಗೂ 2001 ಕಿಲೋಮೀಟರಿಗೂ ನಡುವೆ ಪ್ರಕೃತಿ ಯಾವ ಕಲ್ಲನ್ನೂ ನೆಟ್ಟಿಲ್ಲ. ಆದರೂ ಬೇಲಿ ಬೇಕು. ಇಲ್ಲದಿದ್ದರೆ ಎಣಿಸಲು ಕೂತವನಿಗೆ ಸಂಜೆಯೇ ಆಗುವುದಿಲ್ಲ.

*

ಎಣಿಸಲು ಕೂತವರು ಬೆಂಗಳೂರಿನಲ್ಲೇ ಇದ್ದರು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಸುವೇಂದು ರಕ್ಷಿತ್‌, ಸಿ.ಎಸ್‌. ಸ್ಟಾಲಿನ್‌ ಮತ್ತು ಜೊತೆಗಾರರು 2017ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಿರಿದಾದ ಗೆರೆಯ ಗೆಲಾಕ್ಸಿಗಳು 11,101. ಅದಕ್ಕೆ ಮುಂಚಿನ ದೊಡ್ಡ ಪಟ್ಟಿ ಎರಡು ಸಾವಿರದ ಆಸುಪಾಸಿನಲ್ಲಿ ನಿಂತಿತ್ತು. ಬೆಳಕು ಹಿಡಿದದ್ದು ನ್ಯೂ ಮೆಕ್ಸಿಕೋದ ಬೆಟ್ಟದ ಮೇಲಿನ ಸ್ಲೋನ್‌ ದೂರದರ್ಶಕ, ಆರಿಸಿದ್ದು ಕೋರಮಂಗಲದ ಕಂಪ್ಯೂಟರು. ಹೊಸದಾಗಿ ನೋಡುವುದಕ್ಕಿಂತ ನೋಡಿಟ್ಟಿದ್ದನ್ನು ಓದುವುದು ಕೆಳದರ್ಜೆಯ ಕೆಲಸ ಎನ್ನುವವರು ಒಮ್ಮೆ ಹನ್ನೊಂದು ಸಾವಿರ ರೋಹಿತಗಳ ಮುಂದೆ ಕೂರಲಿ.

*

ಕಿರಿದಾದ ಗೆರೆ ಕಂಡಕೂಡಲೇ ಸಣ್ಣ ಕುಳಿ ಎಂದುಬಿಡುವಂತಿಲ್ಲ. ತಟ್ಟೆಯನ್ನು ನೇರ ಮೇಲಿನಿಂದ ನೋಡಿದರೆ ಮೋಡಗಳು ನಮ್ಮ ಕಡೆಗೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ, ಅಡ್ಡಡ್ಡ ಸುತ್ತುತ್ತವೆ. ವೇಗ ಎಷ್ಟೇ ಇರಲಿ, ಗೆರೆ ಸಣ್ಣದೇ. ಹಗುರವೋ, ನಾವು ನಿಂತ ಕೋನವೋ? ಮೂವತ್ತು ವರ್ಷ ದಾಟಿದ ಜಗಳ. ಎರಡೂ ಸ್ವಲ್ಪ ಸ್ವಲ್ಪ ನಿಜ ಎಂಬ ಕಡೆಗೆ ನನ್ನ ಒಲವು. ರಾಜಿ ಮಾಡಿಸುವ ಚಪಲದಿಂದಲ್ಲ; ಹನ್ನೊಂದು ಸಾವಿರ ಗೆಲಾಕ್ಸಿಗಳು ಒಂದೇ ಕಾರಣಕ್ಕೆ ಒಂದೇ ಥರ ಕಾಣಬೇಕೆಂಬ ಹಟ ನನಗಿಲ್ಲ.

*

ಸಣ್ಣದು ಮೆತ್ತಗೆ ಉರಿಯುತ್ತದೆ ಅಂದುಕೊಳ್ಳುವುದು ಸಹಜ. ಲೆಕ್ಕ ತಿರುಗುಮುರುಗು. ಹತ್ತು ಸಾವಿರ ಪಟ್ಟು ಹಗುರವಾದ ಕುಳಿ ತನ್ನ ಮೈಗೆ ತಕ್ಕಷ್ಟೇ ಉಣ್ಣುತ್ತಿದ್ದರೂ ಅದರ ತಟ್ಟೆ ಹತ್ತು ಪಟ್ಟು ಹೆಚ್ಚು ಬಿಸಿ. ಜಾಗ ಕಿರಿದು, ಉಜ್ಜಾಟ ಬಿರುಸು. ಒಟ್ಟು ಬೆಳಕು ಮಾತ್ರ ಕಡಿಮೆ, ಆದ್ದರಿಂದ ಕಣ್ಣಿಗೆ ಬೀಳುವುದು ತಡ.

*

ದೊಡ್ಡವುಗಳ ಚಿತ್ರ ತೆಗೆಯುತ್ತಾರೆ. ಸಣ್ಣವುಗಳ ತೂಕ ಹಾಕುತ್ತಾರೆ.

*

2019ರಲ್ಲಿ ನಮಗೆ ಎರಡು ಉಂಗುರ ಸಿಕ್ಕವು. ಏಪ್ರಿಲ್‌ 10ರಂದು ಎಂ87 ಗೆಲಾಕ್ಸಿಯ ನಡುವಿನ, 650 ಕೋಟಿ ಸೂರ್ಯರಷ್ಟು ತೂಗುವ ಕುಳಿಯ ಚಿತ್ರ. ಡಿಸೆಂಬರ್‌ 26ರ ಬೆಳಗ್ಗೆ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟ, ಊಟಿಯ ದಾರಿಯಲ್ಲಿ ಸರಿದುಹೋದ ಕಂಕಣ ಗ್ರಹಣ. ಗುಂಡ್ಲುಪೇಟೆಗೂ ಅದರ ಪಾಲು ಬಂತು. ಮೊಬೈಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಎಂದು ಹಂಚಿದವರಿದ್ದಾರೆ. ಗ್ರಹಣದ ನಡುವಿನ ಕಪ್ಪು ಬರೀ ಅಡ್ಡಗೋಡೆ, ಹಿಂದೆ ಸೂರ್ಯ ಇದ್ದೇ ಇದ್ದಾನೆ. ಎಂ87ರ ನಡುವಿನ ಕಪ್ಪಿಗೆ ಹಿಂದು ಎಂಬುದೇ ಇಲ್ಲ.

*

ಎನ್‌ಜಿಸಿ 4395. ನಮ್ಮಿಂದ ಸುಮಾರು 1.4 ಕೋಟಿ ಜ್ಯೋತಿರ್ವರ್ಷ ಆಚೆ, ನಡುವೆ ಉಬ್ಬೂ ಇಲ್ಲದ ಪೇಲವ ಸುರುಳಿ ಗೆಲಾಕ್ಸಿ. ಇಂಥ ಬಡಪಾಯಿಯೊಳಗೆ ಸಕ್ರಿಯ ಕಪ್ಪುಕುಳಿ ಇದೆ ಎಂದು ಫಿಲಿಪ್ಪೆಂಕೊ ಮತ್ತು ಸಾರ್ಜೆಂಟ್‌ 1989ರಲ್ಲಿ ಹೇಳಿದ್ದು ಬೇರೆ ಯಾವುದರಿಂದಲೂ ಅಲ್ಲ, ಅನಿಲದ ಗೆರೆಗಳಿಂದ. ಇದರ ನಡುವೆ ನೋಡಿ ಪ್ರಯೋಜನವಿಲ್ಲ ಎಂದು ಬಿಟ್ಟ ಗೆಲಾಕ್ಸಿಗಳು ಇನ್ನೆಷ್ಟೋ.

*

ಹಿಮವದ್‌ ಗೋಪಾಲಸ್ವಾಮಿ ಬೆಟ್ಟದ ಕಡೆ ಮಿಂಚು ಹೊಡೆದಾಗ ಹೊಲದಲ್ಲಿದ್ದವರು ಎಣಿಸುತ್ತಾರೆ. ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಹೊತ್ತೋ ಮಳೆ ಅಷ್ಟು ದೂರ. ಕಪ್ಪುಕುಳಿಯ ಸುತ್ತಲಿನ ಮೋಡದ ದೂರ ಅಳೆಯುವ ಉಪಾಯವೂ ಇದೇ, ಗುಡುಗಿನ ಬದಲು ಬರುವುದೂ ಬೆಳಕೇ. ತಟ್ಟೆ ಒಮ್ಮೆ ಭಗ್ಗೆನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅನಿಲದ ಗೆರೆಯೂ ಪ್ರಖರವಾಗುತ್ತದೆ. ನಡುವಿನ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ಮೋಡ ಎಷ್ಟು ದೂರದಲ್ಲಿದೆ ಎಂಬುದು ಕೈಗೆ ಬರುತ್ತದೆ. ಯಾರೂ ಅಲ್ಲಿಗೆ ಟೇಪು ಹಿಡಿದು ಹೋಗಲಿಲ್ಲ.

*

ನೈನಿತಾಲಿನ ಏರೀಸ್‌ ಸಂಸ್ಥೆಯವರು ದೇವಸ್ಥಲದ 3.6 ಮೀಟರ್‌ ದೂರದರ್ಶಕದಿಂದ ಎನ್‌ಜಿಸಿ 4395ಕ್ಕೆ ಹೀಗೇ ಎಣಿಸಿದರು. 125 ನಿಮಿಷ. ಅಂದರೆ 225 ಕೋಟಿ ಕಿಲೋಮೀಟರ್‌. ನಮ್ಮ ಸೌರಮಂಡಲದಲ್ಲಾದರೆ ಶನಿಗೂ ಯುರೇನಸ್‌ಗೂ ನಡುವೆ ಬರುವ ದೂರ. ಮೋಡಗಳ ವೇಗ ಸೆಕೆಂಡಿಗೆ 545 ಕಿಲೋಮೀಟರ್‌. ವೇಗವನ್ನು ವೇಗದಿಂದಲೇ ಗುಣಿಸಿ, ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿ. ಹತ್ತನೇ ತರಗತಿಯ ಮಕ್ಕಳೂ ಮಾಡಬಹುದು. ಬರುವ ಉತ್ತರ ಸುಮಾರು ಐದು ಸಾವಿರ ಸೂರ್ಯರ ತೂಕ.

ಆದರೆ 2024ರಲ್ಲಿ ಅವರು ಪ್ರಕಟಿಸಿದ್ದು 22 ಸಾವಿರ. ಉಳಿದ ನಾಲ್ಕೂವರೆ ಪಟ್ಟು ಎಲ್ಲಿಂದ? ಮೋಡಗಳು ತಟ್ಟೆಯಲ್ಲಿವೆಯೋ, ಚೆಂಡಿನಂತೆ ಕವಿದಿವೆಯೋ, ಎಷ್ಟು ಓರೆಯಾಗಿವೆಯೋ ಕಣ್ಣಿಗೆ ಕಾಣದು. ಆ ಕಾಣದ್ದಕ್ಕೆಲ್ಲ ಸೇರಿಸಿ ಒಂದು ಸರಾಸರಿ ಗುಣಕ ಇಟ್ಟುಕೊಂಡಿದ್ದಾರೆ. ಬೇರೆ ದಾರಿಯಲ್ಲಿ ತೂಕ ಗೊತ್ತಾದ ಗೆಲಾಕ್ಸಿಗಳಿಗೆ ತಾಳೆ ಹಾಕಿ ತೆಗೆದ ಅಂಕಿ ಅದು. ಗುಣಕವನ್ನು ಲೇಖನದಲ್ಲೇ ಬರೆಯುತ್ತಾರೆ, ಮುಚ್ಚಿಡುವುದಿಲ್ಲ. ನನಗೆ ಈ ಶಾಸ್ತ್ರದಲ್ಲಿ ಅತ್ಯಂತ ಇಷ್ಟವಾಗುವ ಅಂಕಿ ಈ ನಾಲ್ಕೂವರೆಯೇ.

*

ಅದೇ ಕುಳಿಗೆ 2005ರಲ್ಲಿ ಹಬಲ್‌ ದೂರದರ್ಶಕದಿಂದ, ಇಂಗಾಲದ ಗೆರೆ ಹಿಡಿದು ಹೇಳಿದ ತೂಕ 3.6 ಲಕ್ಷ. 2015ರಲ್ಲಿ ಹೊರ ಅನಿಲದ ಚಲನೆ ನೋಡಿ ಹೇಳಿದ್ದು ಸುಮಾರು ನಾಲ್ಕು ಲಕ್ಷ. 2019ರಲ್ಲಿ 83 ನಿಮಿಷದ ಅಂತರ ಅಳೆದು ಹೇಳಿದ್ದು ಹತ್ತು ಸಾವಿರ. ಆಮೇಲೆ 22 ಸಾವಿರ. ಅಂಗಡಿಯವನು ತಕ್ಕಡಿಯನ್ನು ಹೀಗೆ ಕುಣಿಸಿದರೆ ಜನ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಪ್ರತಿ ತೂಕದ ಜೊತೆಗೂ ತೂಗಿದ ಬಗೆ ಬರೆದಿದೆ, ಹಾಗಾಗಿ ಮುಂದಿನವರು ಜಗಳವನ್ನು ಎಲ್ಲಿಂದ ಶುರುಮಾಡಬೇಕೆಂದು ಹುಡುಕಬೇಕಿಲ್ಲ.

*

22 ಸಾವಿರವೇ ಸರಿ ಎಂದಿಟ್ಟುಕೊಂಡರೆ ಕುಳಿಯ ತ್ರಿಜ್ಯ ಸುಮಾರು 65 ಸಾವಿರ ಕಿಲೋಮೀಟರ್‌. ಗುರುಗ್ರಹಕ್ಕಿಂತ ತುಸು ಚಿಕ್ಕದು. ಅಷ್ಟು ಸಣ್ಣದೊಂದು, ನಮ್ಮ ಶನಿಯಾಚೆಯಷ್ಟು ದೂರದ ಅನಿಲವನ್ನು ಸೆಕೆಂಡಿಗೆ 545 ಕಿಲೋಮೀಟರ್‌ ಓಡಿಸುತ್ತದೆ.

*

ಭಾರೀ ಕುಳಿಗಳಲ್ಲಿ ತಟ್ಟೆಯ ಸುದ್ದಿ ಅನಿಲಕ್ಕೆ ಮುಟ್ಟಲು ತಿಂಗಳುಗಳು, ಕೆಲವಕ್ಕೆ ವರ್ಷಗಳು. ಒಂದು ಅಳತೆಗೆ ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿಯೇ ಕರಗುತ್ತದೆ. ಸಣ್ಣ ಕುಳಿ ರಾತ್ರಿ ಊಟವಾದ ಮೇಲೆ ಶುರುಮಾಡಿ ಕೋಳಿ ಕೂಗುವ ಮೊದಲು ಕತೆ ಮುಗಿಸುತ್ತದೆ. ಆದರೆ ಆ ರಾತ್ರಿ ಮೋಡ ಬಂದರೆ ಎಲ್ಲ ಹೋಯಿತು.

*

ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್‌ ಬತ್ತೇರಿಗೆ ಹೋಗುವ ಹೆದ್ದಾರಿ ಬೆಳಗಿನ ಆರರವರೆಗೆ ಬಂಡೀಪುರದ ಪ್ರಾಣಿಗಳ ಪಾಲು. 2009ರಿಂದ ಇದೇ ಕಟ್ಟಳೆ. ಎಂಟೂಮುಕ್ಕಾಲರ ಧಾವಂತ ನೋಡಬೇಕು: ಬಾಳೆಕಾಯಿ ಲಾರಿ, ತರಕಾರಿ ಟೆಂಪೊ, ಮದುವೆಗೆ ಹೊರಟ ಜೀಪು, ಎಲ್ಲಕ್ಕೂ ಹಾರನ್ನೇ ಬಾಯಿ. ಗೇಟು ಬಿದ್ದ ಮೇಲೆ ಹಿಂದುಳಿದ ಚಾಲಕ ಹೆಡ್‌ಲೈಟ್‌ ಆರಿಸುತ್ತಾನೆ. ಆನೆಗೆಂದು ಉಳಿಸಿದ ಕತ್ತಲು ನಕ್ಷತ್ರಕ್ಕೂ ಒದಗುತ್ತದೆ. ಯಾವ ಆದೇಶದಲ್ಲೂ ಈ ಲಾಭವನ್ನು ನಮೂದಿಸಿಲ್ಲ.

*

ಬಂಡೀಪುರಕ್ಕೆ ಹುಲಿಯ ಹೆಸರಿನಲ್ಲಿ 1973ರಿಂದ ಕಾವಲಿದೆ. ಲಡಾಖಿನ ಹಾನ್ಲೆಗೆ ಕತ್ತಲಿನ ಹೆಸರಿನಲ್ಲೇ 2022ರಿಂದ ಕಾವಲು. ಹೂವಿನ ಕಾಲ ಬಂದರೆ ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಕೇರಳದಿಂದ ಸಾಲು ಸಾಲು ಕಾರು. ಕಾರಿನ ಹಿಂದೆ ರೆಸಾರ್ಟು, ರೆಸಾರ್ಟಿನ ಹಿಂದೆ ಆಕಾಶಕ್ಕೆ ಮುಖ ಮಾಡಿದ ಫ್ಲಡ್‌ಲೈಟು. ದೀಪದ ಮೇಲೊಂದು ತಗಡಿನ ಟೋಪಿ ಹಾಕಿಸಲು ಎಷ್ಟು ಖರ್ಚು?

*

ಹಾನ್ಲೆಯ ಎರಡು ಮೀಟರ್‌ ದೂರದರ್ಶಕವನ್ನು ಹೊಸಕೋಟೆಯ ಕೋಣೆಯೊಂದರಿಂದ ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಅಲ್ಲಿ ಮೈನಸ್‌ ಚಳಿ, ಇಲ್ಲಿ ಫ್ಯಾನು. ಖಗೋಳಶಾಸ್ತ್ರಜ್ಞ ಬೆಟ್ಟದ ತುದಿಯಲ್ಲಿ ನಡುಗುತ್ತಾ ಕೂರಬೇಕೆಂದು ಬಯಸುವವರು ಸಿನಿಮಾ ಜಾಸ್ತಿ ನೋಡಿದವರು.

*

ಕುಳಿಯಿಂದ ನೂರಾರು ಜ್ಯೋತಿರ್ವರ್ಷ ಆಚೆ ಇನ್ನೊಂದು ಬಗೆಯ ಅನಿಲವಿದೆ. ತೀರಾ ತೆಳು, ಸಾವಧಾನಿ. ಅದರ ಹಸಿರು ಗೆರೆ 5007 ಆಂಗ್‌ಸ್ಟ್ರಾಮ್‌. ಹಗಿನ್ಸ್‌ 1864ರಲ್ಲಿ ಒಂದು ನೀಹಾರಿಕೆಯಲ್ಲಿ ಇದನ್ನು ಮೊದಲು ಕಂಡಾಗ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತು ಎಂದು ನಂಬಿ ನೆಬ್ಯೂಲಿಯಂ ಎಂಬ ಹೆಸರೂ ಇಟ್ಟಾಯಿತು. ಅದು ಎರಡು ಎಲೆಕ್ಟ್ರಾನ್‌ ಕಳೆದುಕೊಂಡ ಆಮ್ಲಜನಕ ಎಂದು ಬೋವೆನ್‌ ಬಿಡಿಸಿದ್ದು 1927ರಲ್ಲಿ. ಪ್ರಯೋಗಶಾಲೆಯಲ್ಲಿ ಈ ಗೆರೆ ಬರುವುದಿಲ್ಲ. ಪರಮಾಣು ಬೆಳಕು ಬಿಡಲು ತಯಾರಾಗುವಷ್ಟರಲ್ಲಿ ಇನ್ನೊಂದು ಬಂದು ಗುದ್ದಿ ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಯಾರೂ ಗುದ್ದದಷ್ಟು ಖಾಲಿ ಜಾಗ ಭೂಮಿಯ ಮೇಲೆ ಸಿಗುವುದು ಕಷ್ಟ.

*

ಕುಳಿಯ ಸಮೀಪದ ದಟ್ಟ ಮೋಡದಲ್ಲೂ ಒಂದು ಘನ ಸೆಂಟಿಮೀಟರಿಗೆ ಕಣಗಳು ನೂರು ಕೋಟಿಯ ಮೇಲೆ. ಓದಲು ದೊಡ್ಡದು. ನಾವು ಉಸಿರಾಡುವ ಗಾಳಿಯ ಮುಂದೆ ಅದು ಹೆಚ್ಚುಕಡಿಮೆ ಏನೂ ಇಲ್ಲದ ಜಾಗ.

*

ಕುಳಿಯ ಬಾಗಿಲಿಗೆ ಬಂದ ಅನಿಲವೆಲ್ಲ ಒಳಗೆ ಹೋಗುವುದಿಲ್ಲ. ಎಷ್ಟೋ ಪಾಲು ಬೆಳಕಿನ ಒತ್ತಡಕ್ಕೆ, ಚಿಮ್ಮುವ ಧಾರೆಯ ಹೊಡೆತಕ್ಕೆ ವಾಪಸ್ಸು. ಎನ್‌ಜಿಸಿ 4395ರಲ್ಲಿ ನಡುವಿನ ಸುಮಾರು ಮೂವತ್ತು ಜ್ಯೋತಿರ್ವರ್ಷದೊಳಗೆ ದುರ್ಬಲ ರೇಡಿಯೊ ಧಾರೆಯೊಂದು ಅನಿಲವನ್ನು ಕೆದಕಿ ಹೊರಗೆ ತಳ್ಳುತ್ತಿರುವುದನ್ನು ಬೆಂಗಳೂರಿನ ಖಭೌತ ಸಂಸ್ಥೆಯವರು 2023ರಲ್ಲಿ ತೋರಿಸಿದರು. ಬೆಳೆಯಲು ಬೇಕಾದ ಅನ್ನವನ್ನು ಕುಳಿ ತಾನೇ ಊದಿ ಹಾರಿಸುತ್ತಿದೆ. ಸಣ್ಣದು ಸಣ್ಣದಾಗಿಯೇ ಉಳಿದ ಕಾರಣಗಳಲ್ಲಿ ಇದೂ ಒಂದಿರಬಹುದು.

*

ಈ ಸಣ್ಣವುಗಳ ಹಿಂದೆ ಯಾಕಿಷ್ಟು ಓಡಾಟ? ದೊಡ್ಡವೂ ಒಂದು ಕಾಲಕ್ಕೆ ಸಣ್ಣವೇ. ಸತ್ತ ನಕ್ಷತ್ರದ ಪಳೆಯುಳಿಕೆಯಿಂದ ಶುರುವಾದವೋ, ಅನಿಲದ ಮಹಾಮೋಡ ನಕ್ಷತ್ರವಾಗದೆ ನೇರ ಕುಸಿದು ಹುಟ್ಟಿದವೋ? ಕೋಟಿಗಟ್ಟಲೆ ಸೂರ್ಯರನ್ನು ಉಂಡ ಮೇಲೆ ಕುಳಿಯಲ್ಲಿ ಅದರ ಬಾಲ್ಯ ಉಳಿದಿರುವುದಿಲ್ಲ. ಹೆಚ್ಚು ಉಣ್ಣದೆ ಕುಳಿತವನ್ನೇ ಕೇಳಬೇಕು.

*

ಜೇಮ್ಸ್‌ ವೆಬ್‌ ದೂರದರ್ಶಕ ವಿಶ್ವದ ಎಳೆ ವಯಸ್ಸಿನಲ್ಲಿ ಪುಟ್ಟ ಕೆಂಪು ಚುಕ್ಕೆಗಳನ್ನು ರಾಶಿ ರಾಶಿ ಕಂಡಿದೆ. ಜಲಜನಕದ ಗೆರೆ ಅಗಲ, ಹಾಗಾಗಿ ಭಾರೀ ಕುಳಿಗಳೆಂದು ಮೊದಲು ಬರೆದರು. ಸುತ್ತ ಕವಿದ ದಟ್ಟ ಅನಿಲದಲ್ಲಿ ಬೆಳಕು ಎಲೆಕ್ಟ್ರಾನ್‌ಗಳಿಗೆ ಬಡಿದು ಬಡಿದು ಬಂದರೂ ಗೆರೆ ಅಗಲವಾಗುತ್ತದೆ, ತೂಕವನ್ನು ಬಹಳ ಇಳಿಸಬೇಕಾದೀತು ಎಂದು ಇನ್ನು ಕೆಲವರು. ಸಾಕ್ಷಿ ಒಂದೇ, ವಕೀಲರು ಇಬ್ಬರು.

*

ಕಪ್ಪುಕುಳಿ ಎಂಬುದು ಗಣಿತದ ಕಾಗದದಲ್ಲಷ್ಟೇ ಇದ್ದ ಕಾಲದಲ್ಲಿ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅದನ್ನು ತಟ್ಟಿದರೆ ಹೇಗೆ ಮಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದರು. 1970ರ ಮಾತು. 2015ರಲ್ಲಿ ಗುರುತ್ವದ ಅಲೆ ಸಿಕ್ಕಾಗ, ಎರಡು ಕುಳಿ ಕೂಡಿದ ಮೇಲಿನ ಕೊನೆಯ ಮಿಡಿತಕ್ಕೆ ಅರ್ಥ ಹಚ್ಚಿದ್ದು ಆ ಲೆಕ್ಕದ ದಾರಿಯಲ್ಲೇ. ಕನ್ನಡದ ಬರಹಗಾರ ಸಿ.ಕೆ. ವೆಂಕಟರಾಮಯ್ಯನವರ ಮಗ, ವ್ಯಂಗ್ಯಚಿತ್ರವನ್ನೂ ಬರೆಯುತ್ತಿದ್ದರು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರು. ಶಾಲಾ ಪ್ರವಾಸದಲ್ಲಿ ಚಾಮರಾಜನಗರದಿಂದ ಹೋಗಿ ಆ ಗುಮ್ಮಟದ ಕೆಳಗೆ ಬಾಯಿ ತೆರೆದು ಕೂತ ಮಕ್ಕಳಿಗೆ, ಇದನ್ನು ಮಾಡಿಸಿದವರು ಕಪ್ಪುಕುಳಿಯ ದನಿ ಲೆಕ್ಕ ಹಾಕಿದವರೆಂದು ಯಾರಾದರೂ ಹೇಳಬೇಕಿತ್ತು.

*

ಸೈಫರ್ಟ್‌ ಗೆಲಾಕ್ಸಿಗಳಿಗೆ ಯಾರ ಹೆಸರಿದೆಯೋ ಆ ಸೈಫರ್ಟ್‌ 1943ರಲ್ಲಿ ಆರು ಗೆಲಾಕ್ಸಿಗಳನ್ನು ಆರಿಸಿ ಅವುಗಳ ಅಗಲ ಗೆರೆಗಳನ್ನು ಬರೆದಿಟ್ಟ. ಕಪ್ಪುಕುಳಿಯ ಸುದ್ದಿಯೇ ಅದರಲ್ಲಿಲ್ಲ. ಕಾರಣ ಗೊತ್ತಿಲ್ಲದೆಯೂ ಅಳತೆ ಸರಿಯಾಗಿತ್ತು. ಆ ಆರರಲ್ಲಿ ಎನ್‌ಜಿಸಿ 4051 ಒಂದು. ಕಿರಿದಾದ ಗೆರೆಯದು, ಕುಳಿಯ ತೂಕ ಹದಿನೇಳು ಲಕ್ಷ ಸೂರ್ಯರ ಆಸುಪಾಸು, ನಮ್ಮ ಆಕಾಶಗಂಗೆಯ ಕುಳಿಯ ಅರ್ಧವೂ ಇಲ್ಲ.

*

ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಈ ಎನ್‌ಜಿಸಿ 4051 ಅನ್ನು ಹುಡುಕಲು ಏಪ್ರಿಲ್‌, ಮೇ ತಿಂಗಳ ಅಮಾವಾಸ್ಯೆಯ ಆಚೀಚೆ ಒಳ್ಳೆಯದು. ಊರಿನ ದೀಪ ಬೆನ್ನಿಗಿರಲಿ, ಮುಖ ಬಡಗಣಕ್ಕೆ. ಸಪ್ತರ್ಷಿ ಮಂಡಲದ ಚೌಕದಲ್ಲಿ ಪುಲಸ್ತ್ಯನನ್ನು ಹಿಡಿದು, ನೆತ್ತಿಯ ಕಡೆಗೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಸರಿದರೆ ಅದರ ಠಾವು. ಇನ್ನೂ ಒಂದು ಮುಷ್ಟಿ ಸರಿದರೆ ಬೇಟೆನಾಯಿಗಳ ಪುಂಜದಲ್ಲಿ ಎನ್‌ಜಿಸಿ 4395. ಕೆಳಗೆ ಬಂಡೀಪುರದಲ್ಲಿ ನಿಜವಾದ ಸೀಳುನಾಯಿಗಳಿವೆ, ಕಾಡಿನಂಚಿಗೆ ಹೋಗಬೇಡಿ. ಎಂಟು ಇಂಚಿನ ದೂರದರ್ಶಕದಲ್ಲಿ 4051 ಮಸುಕು ಮಚ್ಚೆಯಾಗಿ ಸಿಕ್ಕೀತು. 4395ಕ್ಕೆ ಕತ್ತಲು ಇನ್ನೂ ಚೆನ್ನಾಗಿರಬೇಕು, ತಾಳ್ಮೆಯೂ. ಗೆರೆಗಳು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ರೋಹಿತದರ್ಶಕ ಬೇಕು.